ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಎರಡನ್ನೂ ಮನೆಯಲ್ಲೇ ಬದಲಿಸಬಹುದೇ?

ನೀವು ಕೇಳಿರುವುದು ಎರಡು ವಿಷಯ: ಕಾರಿನ ಟೈಮಿಂಗ್ ಬೆಲ್ಟನ್ನು ಮನೆಯಲ್ಲೇ ಹಾಕಬಹುದೇ, ಹಾಕುವುದಾದರೆ ಸೋರದೆ ಇರುವ ವಾಟರ್ ಪಂಪನ್ನೂ ಬದಲಿಸಬೇಕೇ. ಟೈಮಿಂಗ್ ಬೆಲ್ಟ್ ಅಂದರೆ ಪಿಸ್ಟನ್‌ಗಳಿಗೆ ಸೇರಿದ ಕ್ರ್ಯಾಂಕ್ ದಂಡವನ್ನೂ ವಾಲ್ವ್ ತೆರೆಯುವ ಕ್ಯಾಮ್ ದಂಡವನ್ನೂ ತಾಳ ತಪ್ಪದೆ ತಿರುಗಿಸುವ ಹಲ್ಲಿನ ಬೆಲ್ಟ್. ವಾಟರ್ ಪಂಪ್ ಅಂದರೆ ಇಂಜಿನ್ ತಣಿಸುವ ದ್ರವವನ್ನು (ಕೂಲಂಟ್) ಓಡಿಸುವ ಪಂಪ್. ಸ್ಪ್ಯಾನರ್ ಹಿಡಿದು ಕೈ ಪಳಗಿದ್ದರೆ, ನಿಮ್ಮ ಇಂಜಿನ್ನಿನದೇ ವರ್ಕ್‌ಶಾಪ್ ಮ್ಯಾನ್ಯುಅಲ್ ಮುಂದಿದ್ದರೆ, ಒಂದು ಇಡೀ ದಿನ ಬಿಡುವಿದ್ದರೆ ಹಾಕಬಹುದು. ಮ್ಯಾನ್ಯುಅಲ್ ಸಿಗದಿದ್ದರೆ ಕೈ ಹಾಕಬೇಡಿ. ಟಾರ್ಕ್ (ಬೋಲ್ಟ್ ಬಿಗಿಯುವ ಬಲ), ಟೈಮಿಂಗ್ ಗುರುತು, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಪುಲ್ಲಿ) ಹೊಂದಿಸುವ ಕ್ರಮ ಇಂಜಿನ್ನಿನಿಂದ ಇಂಜಿನ್ನಿಗೆ ಬೇರೆ.

ಪಂಪ್ ಟೈಮಿಂಗ್ ಬೆಲ್ಟಿನಿಂದಲೇ ತಿರುಗುವಂಥದ್ದಾದರೆ ಜೊತೆಗೇ ಬದಲಿಸಿ. ಅದರ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟೂ ಹರಿಯುತ್ತದೆ. ಸೀಲ್ ಸೋರಿದರೆ ಕೂಲಂಟ್ ಬೆಲ್ಟಿನ ಮೇಲೆ ಬೀಳುತ್ತದೆ. ಆಮೇಲೆ ಪಂಪ್ ಒಂದಕ್ಕಾಗಿ ಇದನ್ನೆಲ್ಲ ಮತ್ತೆ ಬಿಚ್ಚಬೇಕು. ಟೆನ್ಷನರ್‌ಗೂ, ಬೆಲ್ಟಿಗೆ ದಾರಿ ತೋರುವ ಪುಲ್ಲಿಯಾದ ಐಡ್ಲರ್‌ಗೂ ಇದೇ ಮಾತು. ಬೆಲ್ಟ್, ಟೆನ್ಷನರ್, ಐಡ್ಲರ್, ಪಂಪ್ ಸೇರಿದ ಕಿಟ್ ಕೊಳ್ಳಿ. ಜೊತೆಗೆ ಕಂಪನಿ ಹೇಳಿದ ಬಗೆಯ ಕೂಲಂಟ್, ಡಿಸ್ಟಿಲ್ಡ್ ನೀರು, ಹೊಸ ಕ್ರ್ಯಾಂಕ್ ಬೋಲ್ಟ್ ಇರಲಿ. ಎಷ್ಟೋ ಇಂಜಿನ್‌ಗಳಲ್ಲಿ ಆ ಬೋಲ್ಟ್ ಒಂದೇ ಸಲದ ಬಳಕೆಗೆ ಮಾಡಿದ್ದು. ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್‌ಗಳು ಸ್ವಲ್ಪ ಒದ್ದೆಯಾಗಿ ಕಂಡರೂ ಅವನ್ನೂ ಈಗಲೇ ಹಾಕಿಬಿಡಿ, ಎಣ್ಣೆ ತಗುಲಿದ ಬೆಲ್ಟ್ ಬಾಳುವುದಿಲ್ಲ.

ಇಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಗಾಡಿಯನ್ನು ಆಕ್ಸಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. ಕೂಲಂಟ್ ಇಳಿಸಿ ಮುಚ್ಚಳವಿರುವ ಡಬ್ಬಿಗೆ ಹಾಕಿಡಿ. ಅದು ಸಿಹಿ, ಆದರೆ ವಿಷ. ನಾಯಿ, ಬೆಕ್ಕು, ಮಕ್ಕಳ ಬಾಯಿಗೆ ಸಿಗಬಾರದು. ಬೆಲ್ಟ್ ಬದಿಯ ಇಂಜಿನ್ ಮೌಂಟ್ ಬಿಚ್ಚುವ ಮುನ್ನ ಇಂಜಿನ್ನಿನ ತಳದ ಎಣ್ಣೆ ತಟ್ಟೆಯ (ಸಂಪ್) ಕೆಳಗೆ ಮರದ ಹಲಗೆ ಇಟ್ಟು ಜಾಕ್ ಕೊಡಿ. ಸ್ಪಾರ್ಕ್ ಪ್ಲಗ್ ತೆಗೆದಿಟ್ಟರೆ ಇಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ.

ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಹಠ ಮಾಡುತ್ತದೆ. ಕ್ಯಾಮ್ ಲಾಕ್ ಪಿನ್ ಹಾಕಿ ಅದರ ಬಲದ ಮೇಲೆ ಈ ಬೋಲ್ಟ್ ಸಡಿಲಿಸಲು ಹೋಗಬೇಡಿ. ಆ ಪಿನ್ ಇರುವುದು ಸ್ಥಾನ ಹಿಡಿದಿಡಲಿಕ್ಕೆ ಮಾತ್ರ, ಅದು ಬಾಗುತ್ತದೆ, ಇಲ್ಲವೇ ಕ್ಯಾಮ್ ಹಾಳಾಗುತ್ತದೆ. ಪುಲ್ಲಿ ಹಿಡಿಯುವ ಟೂಲ್ ಅಥವಾ ಫ್ಲೈವೀಲ್ ಲಾಕ್ ಬಳಸಿ.

ಈಗ ಇಡೀ ಕೆಲಸದ ಜೀವಾಳ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಹೀಗಾಗಿ ಕ್ರ್ಯಾಂಕ್ ಗುರುತು ಸರಿಯಾಗಿ ಕೂತಿದ್ದರೂ ಕ್ಯಾಮ್ ಅರ್ಧ ಸುತ್ತು ಆಚೆ ಇರಬಹುದು. ಎರಡೂ ಗುರುತು ಒಟ್ಟಿಗೆ ಕೂರುವವರೆಗೆ, ಇಂಜಿನ್ ಓಡುವಾಗ ತಿರುಗುವ ದಿಕ್ಕಿನಲ್ಲೇ, ಕ್ರ್ಯಾಂಕ್ ಬೋಲ್ಟಿನಿಂದ ತಿರುಗಿಸಿ. ಹಳೆ ಬೆಲ್ಟ್ ತೆಗೆಯುವ ಮೊದಲು ಬೆಲ್ಟ್, ಸ್ಪ್ರಾಕೆಟ್‌ಗಳ (ಬೆಲ್ಟ್ ಕೂರುವ ಹಲ್ಲಿನ ಚಕ್ರ) ಮೇಲೆ ಬಿಳಿ ಪೆಯಿಂಟಿನ ಗೆರೆ ಎಳೆದು ಫೋಟೋ ತೆಗೆದುಕೊಳ್ಳಿ. ಬೆಲ್ಟ್ ಬಿಚ್ಚಿದ ಮೇಲೆ ಕ್ಯಾಮನ್ನಾಗಲಿ ಕ್ರ್ಯಾಂಕನ್ನಾಗಲಿ ಅಲುಗಾಡಿಸಬೇಡಿ. ಬಹುಪಾಲು ಬೆಲ್ಟ್ ಇಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವ್ ಓಡಾಡುವ ಜಾಗ ಒಂದೇ, ಸಮಯ ಮಾತ್ರ ಬೇರೆ. ಆ ಸಮಯ ತಪ್ಪಿದರೆ ವಾಲ್ವ್ ಬಾಗುತ್ತದೆ, ಇಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನೇ ಇಳಿಸಬೇಕಾಗುತ್ತದೆ.

ಪಂಪ್ ತೆಗೆಯುವಾಗ ಯಾವ ತೂತಿನಿಂದ ಯಾವ ಉದ್ದದ ಬೋಲ್ಟ್ ಬಂತು ಎಂದು ರಟ್ಟಿನ ಮೇಲೆ ಚಿತ್ರ ಬರೆದು ಅಲ್ಲೇ ಚುಚ್ಚಿಡಿ. ಬ್ಲಾಕಿನ ಮೇಲಿನ ಹಳೆ ಗ್ಯಾಸ್ಕೆಟ್ಟನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆಯಿರಿ. ಉಳಿ ತಗುಲಿ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಅಲ್ಲಿಂದಲೇ ಸೋರುತ್ತದೆ. ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಇರುವ ಪಂಪಿಗೆ ಸಿಲಿಕೋನ್ ಸೀಲಂಟ್ ಬಳಿಯಬೇಡಿ. ರಿಂಗಿಗೆ ಸ್ವಲ್ಪ ಕೂಲಂಟ್ ಸವರಿದರೆ ಸಾಕು. ಹೆಚ್ಚಿಗೆ ಬಳಿದ ಸಿಲಿಕೋನ್ ಒಳಗೆ ಕಳಚಿ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪಂಪಿನ ಎಂ6 ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು, ಅಷ್ಟೇ. ಎದುರುಬದುರಾಗಿ, ಎರಡು ಮೂರು ಸಲಕ್ಕೆ ಬಿಗಿಯಿರಿ. ಕೈ ಅಂದಾಜಿನಲ್ಲಿ ಬಿಗಿದರೆ ಬ್ಲಾಕಿನ ತೂತಿನೊಳಗಿನ ಥ್ರೆಡ್ಡೇ ಕಿತ್ತುಬರುತ್ತದೆ.

ಹೊಸ ಬೆಲ್ಟನ್ನು ಮಡಚಬೇಡಿ, ಒಳಹೊರಗು ಮಾಡಬೇಡಿ, ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಬೇಡಿ. ಒಳಗಿನ ಎಳೆ ತುಂಡಾದರೆ ಹೊರಗೆ ಕಾಣುವುದಿಲ್ಲ. ಬಾಣದ ಗುರುತಿದ್ದರೆ ದಿಕ್ಕು ನೋಡಿ. ಕ್ರ್ಯಾಂಕಿನಿಂದ ಶುರುಮಾಡಿ, ಟೆನ್ಷನರ್ ಇಲ್ಲದ ಬದಿಯನ್ನು ಬಿಗಿಯಾಗಿ ಹಿಡಿದು ಕ್ಯಾಮ್‌ವರೆಗೆ ತನ್ನಿ. ಸಡಿಲವೆಲ್ಲ ಕೊನೆಗೆ ಟೆನ್ಷನರ್ ಬದಿಯಲ್ಲೇ ಉಳಿಯಬೇಕು. ಸಡಿಲ ಟೆನ್ಷನರ್ ಇಲ್ಲದ ಬದಿಯಲ್ಲಿ ಉಳಿದರೆ ಟೆನ್ಷನರ್ ಎಳೆದಾಗ ಒಂದು ಹಲ್ಲು ತಪ್ಪುತ್ತದೆ. ಟೆನ್ಷನರಿನ ಮುಳ್ಳನ್ನು ಮ್ಯಾನ್ಯುಅಲ್ ಹೇಳಿದ ಗುರುತಿಗೆ ತಂದು ಬಿಗಿಯಿರಿ.

ಲಾಕ್ ಪಿನ್ ಹಾಕಿದ್ದರೆ ಅವನ್ನೆಲ್ಲ ತೆಗೆದು ಕ್ರ್ಯಾಂಕನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಅದು ವಾಲ್ವ್ ಪಿಸ್ಟನ್‌ಗೆ ಮುಟ್ಟಿದ್ದಿರಬಹುದು. ಸುತ್ತು ಮುಗಿದ ಮೇಲೆ ಗುರುತುಗಳೂ ಟೆನ್ಷನರ್ ಮುಳ್ಳೂ ಇದ್ದಲ್ಲೇ ಇರಬೇಕು. ಒಂದು ಹಲ್ಲು ಆಚೀಚೆ ಕಂಡರೂ ಬೆಲ್ಟ್ ಇಳಿಸಿ ಮತ್ತೆ ಹಾಕಿ. ಬೆಲ್ಟಿನ ಮೇಲೆ ನೀವು ಎಳೆದ ಗೆರೆಗಳು ಮಾತ್ರ ಎರಡು ಸುತ್ತಿಗೆ ಮರಳಿ ಕೂರುವುದಿಲ್ಲ, ಅದಕ್ಕೆ ಗಾಬರಿಯಾಗಬೇಡಿ. ನೋಡಬೇಕಾದದ್ದು ಸ್ಪ್ರಾಕೆಟ್ಟಿನ ಗುರುತನ್ನು. ಈ ಪರೀಕ್ಷೆ ಮುಗಿಯುವವರೆಗೆ ಸ್ಟಾರ್ಟರ್ ಮುಟ್ಟುವಂತಿಲ್ಲ.

ಕವರ್, ಮೌಂಟ್, ಪುಲ್ಲಿ ಬಿಚ್ಚಿದ ಕ್ರಮದ ತಿರುಗುಮುರುಗಾಗಿ ಹಾಕಿ. ಕ್ರ್ಯಾಂಕ್ ಬೋಲ್ಟಿಗೆ ಟಾರ್ಕ್ ಜೊತೆಗೆ ಇಂತಿಷ್ಟು ಡಿಗ್ರಿ ಎಂದಿದ್ದರೆ ಡಿಗ್ರಿಯನ್ನು ಬಿಡಬೇಡಿ. ಪುಲ್ಲಿ, ಸ್ಪ್ರಾಕೆಟ್ ಜಾರದಂತೆ ಹಿಡಿಯುವ ಲೋಹದ ತುಂಡು (ಕೀ) ಇಲ್ಲದ ಇಂಜಿನ್ನಿನಲ್ಲಿ ಆ ಬಿಗಿಯೊಂದೇ ಟೈಮಿಂಗನ್ನು ಹಿಡಿದಿರುವುದು.

ಕೂಲಂಟ್ ಕಾನ್ಸನ್‌ಟ್ರೇಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು ಸೇರಿಸಿ ನಿಧಾನಕ್ಕೆ ತುಂಬಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ತೆರೆದು, ಗುಳ್ಳೆಯಿಲ್ಲದೆ ದ್ರವ ಬಂದಾಗ ಮುಚ್ಚಿ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಫ್ಯಾನ್ ಓಡುವವರೆಗೆ ಇಂಜಿನ್ ಬಿಡಿ. ಟೆಂಪರೇಚರ್ ಮುಳ್ಳು ಏರುತ್ತಿದ್ದರೂ ಹೀಟರಿನಿಂದ ತಣ್ಣನೆ ಗಾಳಿಯೇ ಬಂದರೆ ಒಳಗೆ ಗಾಳಿ ಉಳಿದಿದೆ: ತಕ್ಷಣ ಆಫ್ ಮಾಡಿ, ತಣಿದ ಮೇಲೆ ಮತ್ತೆ ಗಾಳಿ ತೆಗೆಯಿರಿ. ಬೆಲ್ಟ್ ಕಡೆಯಿಂದ ಕೀರಲು ಸದ್ದು ಬಂದರೆ ಬಿಗಿ ಹೆಚ್ಚಾಗಿರಬಹುದು, ಪಟಪಟ ಬಡಿದರೆ ಕಡಿಮೆ. ಮರುದಿನ ಇಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಮೊದಲ ದಿನ ಸ್ವಲ್ಪ ಇಳಿಯುವುದು ಸಹಜ, ಗುರುತಿನವರೆಗೆ ತುಂಬಿಸಿ. ಮತ್ತೆ ಮತ್ತೆ ಇಳಿಯುತ್ತಿದ್ದರೆ ಪಂಪಿನ ಅಂಚು ನೋಡಿ.