ಯೆರೆಮೀಯನೂ ಅವನ ಲಿಪಿಕಾರರೂ

ಪ್ರಿಯ ಓದುಗರೆ,

ಹಿಂದಿನ ಸಂಚಿಕೆಯ ಲೇಖನವನ್ನು ಓದಿ ತಾವು ಬರೆದ ಪತ್ರದ ಸಾರ ಇಷ್ಟು: ಹೀಬ್ರೂ ಪ್ರವಾದಿಗಳ ಮಾತನ್ನು ಲಿಪಿಕಾರರು ತಮಗೆ ಬೇಕಾದಂತೆ ತಿದ್ದಿ ಕಲಬೆರಕೆ ಮಾಡಿದರು; ಅವರ ಸೇರ್ಪಡೆಗಳನ್ನು ಕಿತ್ತುಹಾಕಿ ಅಪ್ಪಟ ಪ್ರವಾದಿಯನ್ನು ಮಾತ್ರ ನಮ್ಮ ಮುಂದಿಡಬಾರದೇಕೆ?

ತಮ್ಮ ಅನುಮಾನ ನಿರಾಧಾರವಲ್ಲ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಯೆರೆಮೀಯನ ಹೆಸರಿನಲ್ಲಿರುವ ಗ್ರಂಥದ 8ನೆಯ ಅಧ್ಯಾಯವೇ ಲಿಪಿಕಾರರ ಸುಳ್ಳು ಲೇಖನಿಯನ್ನು ದೂರುತ್ತದೆ. ಆದರೆ ಆ ದೂರು ನಮ್ಮವರೆಗೆ ಬಂದದ್ದೂ ಲಿಪಿಕಾರರ ಕೈಯಿಂದಲೇ ಅಲ್ಲವೆ? ತಮ್ಮ ಕಸುಬನ್ನೇ ಹಳಿಯುವ ಸಾಲನ್ನು ಅವರು ಅಳಿಸಲಿಲ್ಲ.

36ನೆಯ ಅಧ್ಯಾಯವನ್ನು ತಾವು ಬಿಡುವಾಗಿ ಓದಬೇಕು. ಯೆರೆಮೀಯ ಹೇಳುತ್ತಾನೆ, ನೇರೀಯನ ಮಗ ಬಾರೂಕ ಮಸಿಯಿಂದ ಸುರುಳಿಯಲ್ಲಿ ಬರೆದುಕೊಳ್ಳುತ್ತಾನೆ. ದೇವಾಲಯದಲ್ಲಿ ಗೆಮರ್ಯನೆಂಬವನ ಕೋಣೆಯಿಂದ ಅದನ್ನು ಜನರಿಗೆ ಓದಿ ಹೇಳುತ್ತಾನೆ. ಆಮೇಲೆ ಸುರುಳಿ ಚಳಿಗಾಲದ ಅರಮನೆ ಸೇರುತ್ತದೆ. ಓದುಗನು ಮೂರು ನಾಲ್ಕು ಅಂಕಣ ಮುಗಿಸಿದಂತೆಲ್ಲ ಯೆಹೂದದ ಅರಸ ಯೆಹೋಯಾಕೀಮನು ಲಿಪಿಕಾರರ ಚೂರಿಯಿಂದಲೇ ಅದನ್ನು ಕತ್ತರಿಸಿ ಅಗ್ಗಿಷ್ಟಿಕೆಗೆ ಎಸೆಯುತ್ತಾನೆ. ಸುಡಬೇಡಿ ಎಂದು ಬೇಡಿಕೊಂಡವರಲ್ಲಿ ಆ ಗೆಮರ್ಯನೂ ಒಬ್ಬ, ಲಿಪಿಕಾರ ಶಾಫಾನನ ಮಗ. 1982ರಲ್ಲಿ ಯೆರೂಸಲೇಮಿನ ಉತ್ಖನನದಲ್ಲಿ ಸಿಕ್ಕ ಮಣ್ಣಿನ ಮುದ್ರೆಯೊಂದರ ಮೇಲೆ ಇದೇ ತಂದೆ ಮಕ್ಕಳ ಹೆಸರಿದೆ. ಬಾರೂಕ ಎಲ್ಲವನ್ನೂ ಮತ್ತೆ ಬರೆದುಕೊಂಡನೆಂದೂ, ಅಂಥವೇ ಇನ್ನೂ ಅನೇಕ ಮಾತುಗಳು ಸೇರಿದವೆಂದೂ ಅಧ್ಯಾಯ ಮುಗಿಯುತ್ತದೆ. ತಾವು ಹುಡುಕುವ ಅಪ್ಪಟ ಪ್ರತಿ ಬೂದಿಯಾಗಿತ್ತು. ಉಳಿದದ್ದು ಸೇರ್ಪಡೆಯಾದ ಪ್ರತಿ.

ಸೇರ್ಪಡೆ ಅಲ್ಲಿಗೇ ನಿಲ್ಲಲಿಲ್ಲವೆಂಬುದೂ ನಿಜ. ಗ್ರೀಕ್ ಭಾಷಾಂತರದಲ್ಲಿ ಈ ಗ್ರಂಥ ಇಂದಿನ ಹೀಬ್ರೂ ಪಾಠಕ್ಕಿಂತ ಸುಮಾರು ಎಂಟನೆಯ ಒಂದು ಭಾಗದಷ್ಟು ಚಿಕ್ಕದು. ಮೃತ ಸಮುದ್ರದ ದಂಡೆಯ ಕುಮ್ರಾನಿನಲ್ಲಿ, ನಾಲ್ಕನೆಯ ಗುಹೆಯಲ್ಲಿ ಸಿಕ್ಕ ಹಳೆಯ ಸುರುಳಿಗಳ ತುಣುಕುಗಳು ಅಂಥ ಚಿಕ್ಕ ಪಾಠ ಹೀಬ್ರೂವಿನಲ್ಲೂ ಇತ್ತೆಂದು ತೋರಿಸಿವೆ. ದೊಡ್ಡ ಪಾಠದಲ್ಲಿ ಯೆರೆಮೀಯನ ಹೆಸರಿನೊಡನೆ ‘ಪ್ರವಾದಿ’ ಎಂಬ ಬಿರುದು ಮತ್ತೆ ಮತ್ತೆ ಬರುತ್ತದೆ, ಚಿಕ್ಕದರಲ್ಲಿ ಅಪರೂಪ. ಪೂಜ್ಯಭಾವ ಬೆಳೆದಂತೆ ಬಿರುದೂ ಬೆಳೆಯಿತು ಎನ್ನೋಣ. ಆದರೂ ಹನನ್ಯನ ಪ್ರಸಂಗ ನೋಡಿ. ಬಾಬಿಲೋನಿನ ಅಧೀನತೆಯ ಸಂಕೇತವಾಗಿ ಯೆರೆಮೀಯ ಕೊರಳಿಗೆ ಹಾಕಿಕೊಂಡಿದ್ದ ನೊಗವನ್ನು ಮುರಿದ ಈ ಎದುರಾಳಿಯನ್ನು ಗ್ರೀಕ್ ಪಾಠ ಮೊದಲಲ್ಲೇ ಸುಳ್ಳು ಪ್ರವಾದಿ ಎಂದುಬಿಡುತ್ತದೆ. ಹೀಬ್ರೂ ಪಾಠ ಅವನನ್ನೂ ಪ್ರವಾದಿ ಎಂದೇ ಕರೆದು, ಅಂದಿನ ಜನರ ಗೊಂದಲದಲ್ಲೇ ನಮ್ಮನ್ನೂ ನಿಲ್ಲಿಸುತ್ತದೆ. ಯಾವುದು ಮೇಲೆಂದು ನನ್ನನ್ನು ಕೇಳಿದರೆ, ಹೀಬ್ರೂ ಲಿಪಿಕಾರನಿಗೆ ಕೈಮುಗಿಯುತ್ತೇನೆ.

ಜರಡಿ ಹಿಡಿಯುವ ಕೆಲಸವನ್ನು ಜರ್ಮನ್ ವಿದ್ವಾಂಸ ಬರ್ನ್‌ಹಾರ್ಡ್ ಡೂಮ್ 1901ರಲ್ಲೇ ಮಾಡಿದ. ಅವನ ಲೆಕ್ಕದಲ್ಲಿ ಯೆರೆಮೀಯನ ಸ್ವಂತದ್ದೆಂದು ಉಳಿದದ್ದು ಸುಮಾರು 280 ವಚನಗಳು. ಸಾವಿರಕ್ಕೂ ಹೆಚ್ಚು ವಚನಗಳು ಅನ್ಯರ ಪಾಲಾದವು. ಆ ಲೆಕ್ಕವನ್ನೂ ಮುಂದಿನವರೆಲ್ಲ ಒಪ್ಪಲಿಲ್ಲ.

ಹೇಳಿದವನಿಗೆ ಹಾರ, ಬರೆದವನಿಗೆ ಅನುಮಾನ ಎಂಬ ರೂಢಿ ನನಗೆ ಹಿಡಿಸುವುದಿಲ್ಲ. ಕರಡು ತಿದ್ದುವವರ ಹೆಸರು ನಮ್ಮ ಪುಸ್ತಕಗಳಲ್ಲಿ ಎಷ್ಟು ಕಡೆ ಅಚ್ಚಾಗುತ್ತದೆ, ತಾವೇ ಹೇಳಿ. ತಪ್ಪು ಉಳಿದಾಗ ಮಾತ್ರ ಎಲ್ಲರಿಗೂ ಅವರ ನೆನಪು. ಬಾರೂಕನಿಗೆಂದೇ ಮೀಸಲಾದ ಪುಟ್ಟ ಅಧ್ಯಾಯವೊಂದಿದೆ, 45ನೆಯದು. ‘ನಿನಗಾಗಿ ದೊಡ್ಡದನ್ನು ಬಯಸಬೇಡ’ ಎಂದು ಅಲ್ಲಿ ದೇವರೇ ಅವನಿಗೆ ಹೇಳಿಸುತ್ತಾನೆ. ಗ್ರೀಕ್ ಕ್ರಮದಲ್ಲಿ ಆ ಮಾತು ಗ್ರಂಥದ ಕೊನೆಯ ಭಾಗದಲ್ಲಿ, ಅನುಬಂಧದಂತಿರುವ 52ನೆಯ ಅಧ್ಯಾಯಕ್ಕೆ ತುಸು ಮುಂಚೆ, ಬರೆದವನು ಸಹಿ ಹಾಕುವ ಜಾಗದಲ್ಲಿದೆ. ಕಿತ್ತುಹಾಕುವ ಮುನ್ನ ಅದನ್ನೊಮ್ಮೆ ಓದಿ, ಮತ್ತೆ ಪತ್ರ ಬರೆಯಿರಿ.

— ಸಂಪಾದಕ