ಬೆಂಕಿ ಆರಿದ ಮೇಲೂ ಮಣ್ಣು ಅನಿಲ ಬಿಡುತ್ತದಾ?

ಕಾಡ್ಗಿಚ್ಚು ಆರಿದ ಮೇಲೆ ಮಣ್ಣಿನಿಂದ ಅನಿಲ ಬರುವುದೂ ನಿಲ್ಲುತ್ತದಾ ಅಂತ ಕೇಳಿದ್ದೀರಿ. ನಿಲ್ಲುವುದಿಲ್ಲ. ಯಾವ ಅನಿಲ ಎಷ್ಟು ಅನ್ನುವ ಲೆಕ್ಕ ಬದಲಾಗುತ್ತದೆ, ಅಷ್ಟೇ.

ಕಾರ್ಬನ್ ಡೈಆಕ್ಸೈಡ್ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಅದರಲ್ಲಿ ದೊಡ್ಡ ಪಾಲು ಬೇರುಗಳ ಉಸಿರು. ಗಿಡ ಸತ್ತರೆ ಉಸಿರೂ ನಿಂತಂತೆ ಅಲ್ವಾ?

ನಿಜವಾದ ಮಜಾ ಇರುವುದು ಸಾರಜನಕದಲ್ಲಿ. ಬಿಸಿಗೆ ಮಣ್ಣಿನ ಸಾವಯವ ಅಂಶ ಒಡೆದು ಅಮೋನಿಯಂ, ಅಂದರೆ ಗಿಡಗಳು ಹೀರಬಲ್ಲ ಸಾರಜನಕದ ಒಂದು ರೂಪ, ಜಾಸ್ತಿಯಾಗುತ್ತದೆ. ಹೀರಿಕೊಳ್ಳಲು ಬೇರುಗಳಿಲ್ಲ. ಬೂದಿ ಬೆರೆತು ಮಣ್ಣಿನ ಹುಳಿ ಗುಣವೂ ಇಳಿದಿರುತ್ತದೆ. ಮೊದಲ ಮಳೆ ಬಿದ್ದದ್ದೇ ತಡ, ಬದುಕುಳಿದ ಬ್ಯಾಕ್ಟೀರಿಯಾಗಳು ಆ ಅಮೋನಿಯಂ ಮೇಲೆ ಮುಗಿಬೀಳುತ್ತವೆ. ಆಗ ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್ ಒಮ್ಮೆಲೇ ಹೊರಬರಬಹುದು. ಎರಡನೆಯದು ಸುಮ್ನೆ ಬಿಡುವಂಥದ್ದಲ್ಲ. 100 ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ.

ಅಷ್ಟು ಉರಿಯಲ್ಲಿ ಬ್ಯಾಕ್ಟೀರಿಯಾ ಹೇಗೆ ಬದುಕುತ್ತವೆ ಅಂತೀರಾ? ಬಿಸಿಯನ್ನು ಒಳಗೆ ಬಿಟ್ಟುಕೊಳ್ಳುವುದರಲ್ಲಿ ಮಣ್ಣು ಬಲು ಜಿಪುಣ. ಹಸಿ ಮಣ್ಣಂತೂ ನೀರೆಲ್ಲ ಆವಿಯಾಗುವ ತನಕ ಸುಮಾರು 100 ಡಿಗ್ರಿ ದಾಟುವುದಿಲ್ಲ. ದಪ್ಪ ದಿಮ್ಮಿ ಬಿದ್ದು ಗಂಟೆಗಟ್ಟಲೆ ಉರಿದ ಜಾಗದ ಕಥೆ ಬೇರೆ.

ಬೂದಿ ಸರಿಸಿ ಒಂದು ಹನಿ ನೀರು ಹಾಕಿ ನೋಡಿ. ಕೆಲವು ಕಡೆ ಇಂಗದೆ ಮುತ್ತಿನ ಹಾಗೆ ನಿಂತುಬಿಡುತ್ತದೆ. ಸುಟ್ಟ ಎಲೆಗಳ ಮೇಣದಂಥ ಅಂಶ ಆವಿಯಾಗಿ ಕೆಳಗಿಳಿದು ಮಣ್ಣಿನ ಕಣಗಳಿಗೆ ಅಂಟಿರುತ್ತದೆ. ಅಂಥಲ್ಲಿ ಒಳಗಿನ ಮಣ್ಣು ಒದ್ದೆಯಾಗುವುದೇ ನಿಧಾನ, ಹಾಗಾಗಿ ಮಳೆಗೆ ಹೊರಬರುವ ಆ ಅನಿಲವೂ ತಡವಾಗಬಹುದು.

ಇದೆಲ್ಲ ಮಾಮೂಲಿ ಮಣ್ಣಿನ ಮಾತು. ಪೀಟ್ ನೆಲದಲ್ಲಿ, ಅಂದರೆ ಅರೆಕೊಳೆತ ಗಿಡಗಳೇ ಪದರವಾಗಿ ಕೂತ ಜೌಗು ನೆಲದಲ್ಲಿ, ಮಣ್ಣೇ ಸೌದೆ. ಜ್ವಾಲೆ ಕಾಣದಿದ್ದರೂ ವಾರಗಟ್ಟಲೆ ಒಳಗೊಳಗೇ ಹೊಗೆಯಾಡುತ್ತಾ ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಉಗುಳುತ್ತಿರುತ್ತದೆ.