ಗಾಳಿ ಬೀಸುವುದೆಲ್ಲೋ, ನೀರೇರುವುದೆಲ್ಲೋ

ಪ್ರಶ್ನೆ: ದಡದಲ್ಲಿ ಗಾಳಿ ಇರುವುದಿಲ್ಲ, ಹುಣ್ಣಿಮೆ-ಅಮಾವಾಸ್ಯೆಯೂ ಅಲ್ಲ. ಆದರೂ ಕೆಲವೊಮ್ಮೆ ಸಮುದ್ರದ ಮಟ್ಟ ಮೂರ್ನಾಲ್ಕು ದಿನ ಒಂದು ಗೇಣು ಮೇಲೆಯೇ ಇರುತ್ತದೆ. ದೂರದ ಗಾಳಿ ಹೀಗೆ ಮಾಡಬಲ್ಲದೆ?

ಉತ್ತರ: ಧಾರಾಳವಾಗಿ ಮಾಡಬಲ್ಲದು. ಆದರೆ ಇದು ದಡಕ್ಕೆ ಬಂದು ಒಡೆಯುವ ಅಲೆಯಲ್ಲ. ಇದು ಒಮ್ಮೆ ಏರಿ ಇಳಿಯಲು ಹಲವು ದಿನ ಬೇಕು. ಉದ್ದ ನೂರಾರು ಕಿಲೋಮೀಟರ್. ದಡದಲ್ಲಿ ನಿಂತವರಿಗೆ ಅಲೆಯೆಂದು ಹೊಳೆಯುವುದಾದರೂ ಹೇಗೆ?

ಉಬ್ಬರವಿಳಿತ ಮಾಪಕದ ಕಾಗದ ಓದುವುದೇ ನನ್ನ ಉದ್ಯೋಗವಾಗಿತ್ತು. ನೀರಿಗಿಳಿಸಿದ ಕೊಳವೆ, ಬುಡದಲ್ಲೊಂದು ಸಣ್ಣ ತೂತು, ಒಳಗೆ ತೇಲುವ ಬುರುಡೆ, ತಂತಿಯ ತುದಿಯಲ್ಲಿ ಲೇಖನಿ. ತೂತು ಕಿರಿದಾದ್ದರಿಂದ ಹೊರಗಿನ ಅಲೆಗಳ ಗಲಾಟೆ ಒಳಕ್ಕೆ ಬಾರದು; ಕಾಗದದ ಮೇಲೆ ಉಬ್ಬರವಿಳಿತ ಮಾತ್ರ ಸಾಲಾಗಿ ಮೂಡುತ್ತದೆ. ಅದನ್ನೂ ಲೆಕ್ಕಹಾಕಿ ಕಳೆದ ಮೇಲೆ ಉಳಿಯುವ ಗೆರೆ ನೇರವಾಗಿರಬೇಕಲ್ಲವೇ? ಇರುವುದಿಲ್ಲ. ದಿನಗಟ್ಟಲೆ ಸಾವಕಾಶವಾಗಿ ಉಬ್ಬಿ, ಅಷ್ಟೇ ಸಾವಕಾಶವಾಗಿ ತಗ್ಗುತ್ತದೆ. ನೀವು ಕಂಡ ಗೇಣು ಅದೇ ಇರಬೇಕು.

ಗಾಳಿ ದಡದುದ್ದಕ್ಕೆ ಬೀಸಿದಾಗ ಮೇಲ್ಪದರದ ನೀರು ಒಟ್ಟಾರೆ ಅದರ ದಿಕ್ಕಿಗೇ ಹೋಗುವುದಿಲ್ಲ. ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಬಲಕ್ಕೆ ಸರಿಯುತ್ತದೆ. ಆ ಬಲಗಡೆ ದಡವಿದ್ದರೆ ನೀರು ಅಲ್ಲೇ ಒತ್ತರಿಸಿಕೊಳ್ಳುತ್ತದೆ. ಗಾಳಿ ನಿಂತ ಮೇಲೂ ಆ ಉಬ್ಬು ನಡುಗಡಲಿಗೆ ಹರಡಲಾರದು. ದಡದಿಂದ ಸುಮಾರು 200 ಮೀಟರ್ ಆಳದವರೆಗೆ ಚಾಚಿದ ಸಮುದ್ರತಳವಾದ ಖಂಡಾವರಣ, ಅದರಾಚೆಯ ಕಡಿದಾದ ಇಳಿಜಾರು, ಭೂಮಿಯ ತಿರುಗುವಿಕೆ ಸೇರಿ ಅದನ್ನು ತೀರಕ್ಕೆ ಕಟ್ಟಿಹಾಕುತ್ತವೆ. ಹಾಗಾಗಿ ಅದು ದಡವನ್ನು ಬಲಕ್ಕಿಟ್ಟುಕೊಂಡು ಸಾಗುತ್ತದೆ; ದಕ್ಷಿಣಾರ್ಧಗೋಳದಲ್ಲಿ ಎಡಕ್ಕೆ. ವೇಗ ಸೆಕೆಂಡಿಗೆ 3 ಮೀಟರ್ ಎಂದಿಟ್ಟುಕೊಂಡರೂ ದಿನಕ್ಕೆ ಸುಮಾರು 260 ಕಿಲೋಮೀಟರ್ ಆಯಿತು.

ಇದರ ಸುಳಿವು ಮೊದಲು ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ವಾಯುಭಾರ 1 ಹೆಕ್ಟೊಪಾಸ್ಕಲ್ ಇಳಿದರೆ ಸಮುದ್ರ ಸುಮಾರು 1 ಸೆಂಟಿಮೀಟರ್ ಏರಬೇಕು. 1960ರ ದಶಕದ ಆರಂಭದಲ್ಲಿ ಸಮುದ್ರವಿಜ್ಞಾನಿ ಹ್ಯಾಮನ್ ಅವರು ಸಿಡ್ನಿ, ಕಾಫ್ಸ್ ಹಾರ್ಬರ್‌ಗಳ ಸಮುದ್ರಮಟ್ಟದ ದಾಖಲೆ ನೋಡಿದಾಗ ಲೆಕ್ಕ ತಾಳೆಯಾಗಲಿಲ್ಲ. 1964ರಲ್ಲಿ ರಾಬಿನ್ಸನ್ ಇದಕ್ಕೆ ಹೀಗೆ ತೀರದುದ್ದಕ್ಕೆ ಸಾಗುವ ಖಂಡಾವರಣದ ಅಲೆಗಳೇ ಕಾರಣವೆಂದರು, ಆದರೆ ಅವುಗಳನ್ನು ಎಬ್ಬಿಸುವುದು ವಾಯುಭಾರ ಎಂದು ಭಾವಿಸಿದರು. ದಡದುದ್ದದ ಗಾಳಿಯದೇ ಮೇಲುಗೈ ಎಂದು 1969ರಲ್ಲಿ ಆಡಮ್ಸ್ ಮತ್ತು ಬುಚ್‌ವಾಲ್ಡ್ ತೋರಿಸಿದರು. ನನಗೆ ಈ ವಾದವೇ ಸರಿಯೆನಿಸುತ್ತದೆ.

ನೀವು ಉತ್ತರಾರ್ಧಗೋಳದವರಾದರೆ ಮುಂದಿನ ಸಲ ಸಮುದ್ರಕ್ಕೆ ಮುಖ ಮಾಡಿ ನಿಂತು, ಎಡಗೈ ಕಡೆಯ ತೀರದಲ್ಲಿ ಎರಡು ಮೂರು ದಿನದ ಹಿಂದೆ ಗಾಳಿ ಹೇಗಿತ್ತೆಂದು ವಿಚಾರಿಸಿ. ನಿಮ್ಮೂರಿನ ವಾಯುಭಾರವನ್ನೂ ಜೊತೆಗೇ ಬರೆದಿಡಿ. ಅದು ಕುಸಿದಿದ್ದರೆ ಏರಿಕೆಯ ಒಂದು ಪಾಲು ಅದರದ್ದು.